ಒಂದು ಪುಟ್ಟ ಡಬ್ಬ, ಎರಡು ಸ್ಕ್ರೀನ್ (ಹಳೇ ಕಂಪ್ಯೂಟರ್ ಕಥೆ, ಭಾಗ 7)

ಟೇಬಲ್ ಮೇಲೆ ಎರಡು ಮಾನಿಟರ್ ನೋಡಿದ ತಕ್ಷಣ ನಿಮಗೆ ಯಾರು ನೆನಪಾಗ್ತಾರೆ? ಗೇಮರ್‌ಗಳು, ಇಲ್ಲಾ ಐಟಿಯವರು. ಅಲ್ವಾ? ಆದ್ರೆ ಪಿಸಿ ಬಂದ ಹೊಸದರಲ್ಲೇ ಇದರ ಲಾಭ ಪಡೆದವರಲ್ಲಿ ಲೆಕ್ಕ ಬರೆಯೋರು ಇದ್ದರು. ನಮ್ಮ ಬಿಕಾಂ ಜಾತಿಯವರು!

1981ರ ಆಗಸ್ಟ್‌ನಲ್ಲಿ ಐಬಿಎಂ ಪಿಸಿ ಬಂತು. ಸ್ಕ್ರೀನ್‌ಗೆ ಚಿತ್ರ ಕಳಿಸೋ ಕಾರ್ಡ್ ನಾವೇ ಆರಿಸಿ ಹಾಕಿಸಬೇಕಿತ್ತು. ಎಂಡಿಎ ಕಾರ್ಡ್ ತಗೊಂಡ್ರೆ ಹಸಿರು ಅಕ್ಷರ, ಮುತ್ತು ಪೋಣಿಸಿದ ಹಾಗೆ. ಆದ್ರೆ ಗ್ರಾಫ್ ಬರಲ್ಲ. ಸಿಜಿಎ ತಗೊಂಡ್ರೆ ಬಣ್ಣ, ಗ್ರಾಫ್ ಎಲ್ಲ ಬರುತ್ತೆ, ಅಕ್ಷರ ಮಾತ್ರ ಒರಟು. ಇಡೀ ದಿನ ಲೆಡ್ಜರ್ ನೋಡೋರಿಗೆ ಕಣ್ಣುರಿ ಗ್ಯಾರಂಟಿ.

ಹಾಗಾದ್ರೆ ಎರಡನ್ನೂ ಹಾಕಿದ್ರೆ? ಹಾಕಬಹುದಿತ್ತು! ಎರಡೂ ಕಾರ್ಡ್‌ಗೆ ಮೆಮೊರಿಯಲ್ಲಿ ಬೇರೆ ಬೇರೆ ವಿಳಾಸ ಕೊಟ್ಟಿದ್ದರು. ಒಂದೇ ಬೀದಿಯ ಎರಡು ಮನೆ ಇದ್ದ ಹಾಗೆ, ಅಂಚೆ ಅದಲುಬದಲು ಆಗಲ್ಲ. 1983ರಲ್ಲಿ ಬಂದ ಲೋಟಸ್ 1-2-3 ಇದನ್ನ ಚೆನ್ನಾಗಿ ಬಳಸಿಕೊಂಡಿತು. ಹಸಿರು ಮಾನಿಟರ್‌ನಲ್ಲಿ ಅಂಕಿ, ಪಕ್ಕದ ಕಲರ್ ಮಾನಿಟರ್‌ನಲ್ಲಿ ಅದೇ ಅಂಕಿಯ ಗ್ರಾಫ್. ಎಕ್ಸೆಲ್ ಹುಟ್ಟೋಕೂ ಮುಂಚಿನ ಮಾತು ಇದು.

ಎರಡು ಕಾರ್ಡ್, ಎರಡು ಮಾನಿಟರ್ ಅಂದ್ರೆ ಖರ್ಚೂ ಎರಡು. ಅದಕ್ಕೊಂದು ದಾರಿ ತೋರಿಸಿದ್ದು ಯಾರು ಗೊತ್ತಾ? ವ್ಯಾನ್ ಸುವನ್ನುಕುಲ್ ಅನ್ನೋ ಥಾಯ್ಲೆಂಡ್ ಮೂಲದ ಪಿಎಚ್‌ಡಿ ವಿದ್ಯಾರ್ಥಿ. ಅವರಿಗೆ ತಮ್ಮ ಪ್ರಬಂಧವನ್ನ ಥಾಯ್ ಲಿಪಿಯಲ್ಲೇ ಟೈಪ್ ಮಾಡಬೇಕಿತ್ತು, ಐಬಿಎಂ ಕಾರ್ಡ್‌ನಲ್ಲಿ ಅದು ಆಗ್ತಿರಲಿಲ್ಲ. ಸರಿ, ತಾವೇ ಕಾರ್ಡ್ ಮಾಡಿದರು! 1982ರ ಹರ್ಕ್ಯುಲಿಸ್ ಕಾರ್ಡ್ ಅದೇ. ಆ ಹಸಿರು ಮಾನಿಟರ್‌ನಲ್ಲೇ 720×348 ಚುಕ್ಕಿಗಳ ಗ್ರಾಫಿಕ್ಸ್ ಬಂತು, ಲೋಟಸ್‌ನ ಗ್ರಾಫ್ ಕೂಡ. ಎರಡನೇ ಮಾನಿಟರ್ ಕೊಳ್ಳೋ ಖರ್ಚು ಎಷ್ಟೋ ಆಫೀಸುಗಳಿಗೆ ಉಳಿದಿರಬೇಕು. ಇಡೀ ಕಥೆಯಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು. ಒಬ್ಬರಿಗೆ ತಮ್ಮ ಭಾಷೆಯ ಅಕ್ಷರ ಕಾಣಬೇಕಿತ್ತು, ಅಷ್ಟೇ.

1987ರಲ್ಲಿ ವಿಜಿಎ ಬಂತು. ಬಣ್ಣ ಚೆನ್ನ, ಆದ್ರೆ ಎರಡು ವಿಜಿಎ ಕಾರ್ಡ್ ಹಾಕಿದ್ರೆ ಎರಡಕ್ಕೂ ಒಂದೇ ವಿಳಾಸ, ಜಗಳ ಶುರು. ಅದೇ ವರ್ಷದ ಮ್ಯಾಕಿಂಟಾಷ್ 2ರಲ್ಲಿ ಮಾತ್ರ ಒಂದಕ್ಕಿಂತ ಹೆಚ್ಚು ಕಾರ್ಡ್ ಹಾಕಿ, ವಿಂಡೋವನ್ನ ಈ ಸ್ಕ್ರೀನ್‌ನಿಂದ ಆ ಸ್ಕ್ರೀನ್‌ಗೆ ಎಳೆಯಬಹುದಿತ್ತು. ನಮ್ಮ ನಿಮ್ಮಂಥವರ ಪಿಸಿಗೆ ಆ ಸೌಲಭ್ಯ ಸಲೀಸಾಗಿ ಸಿಕ್ಕಿದ್ದು ವಿಂಡೋಸ್ 98ರಲ್ಲಿ. ಹನ್ನೊಂದು ವರ್ಷ ಕಾಯಬೇಕಾಯ್ತು ನೋಡಿ.

ಆಮೇಲೆ ಡಬ್ಬಗಳೇ ಸಣ್ಣದಾದವು. ಕಾರ್ಡ್ ಹಾಕೋಕೆ ಜಾಗವೇ ಇಲ್ಲ. 2005ರ ಮೊದಲ ಮ್ಯಾಕ್ ಮಿನಿಯಲ್ಲಿ ಮಾನಿಟರ್‌ಗೆ ಒಂದೇ ಪೋರ್ಟ್, 2009ರದ್ದರಲ್ಲಿ ಎರಡು. 2019ರ ರಾಸ್ಪ್‌ಬೆರಿ ಪೈ 4 ಅಂಗೈಯಷ್ಟೇ ಇದ್ರೂ ಎರಡು ಮೈಕ್ರೋ ಎಚ್‌ಡಿಎಂಐ ಇಟ್ಟುಕೊಂಡೇ ಬಂತು.

ಈಗ ಹಣದ ಮಾತು. ಎಸ್.ಪಿ. ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ತಗೊಳ್ಳೋರು ದಯವಿಟ್ಟು ಗಮನಿಸಿ: ಹಿಂದೆ ಎಷ್ಟು ತೂತು ಇದೆ ಅಂತ ಎಣಿಸಿದ್ರೆ ಸಾಲದು, ಒಳಗಿನ ಚಿಪ್ ಎಷ್ಟು ಸ್ಕ್ರೀನ್ ಓಡಿಸುತ್ತೆ ಅಂತ ಕೇಳಿ. 2011ರ ಇಂಟೆಲ್ ಸ್ಯಾಂಡಿ ಬ್ರಿಡ್ಜ್ ಗ್ರಾಫಿಕ್ಸ್ ಒಟ್ಟಿಗೆ ಎರಡು ಮಾನಿಟರ್ ಮಾತ್ರ ಓಡಿಸುತ್ತೆ, 2012ರ ಐವಿ ಬ್ರಿಡ್ಜ್ ಮೂರು. ಡಿಸ್‌ಪ್ಲೇಪೋರ್ಟ್‌ನಿಂದ ಎಚ್‌ಡಿಎಂಐಗೆ ಹೋಗೋ ಸಾದಾ ಕೇಬಲ್ ಒನ್ ವೇ ರಸ್ತೆ. ಪಿಸಿ ಕಡೆ ಡಿಸ್‌ಪ್ಲೇಪೋರ್ಟ್, ಮಾನಿಟರ್ ಕಡೆ ಎಚ್‌ಡಿಎಂಐ ಇರಬೇಕು. ತಿರುಗಿಸಿ ಹಾಕಿದ್ರೆ ಕತ್ತಲೆ. ಇನ್ನು ಅಗ್ಗದ ವಿಜಿಎ ಸ್ಪ್ಲಿಟರ್ ಎರಡೂ ಕಡೆ ಒಂದೇ ಚಿತ್ರ ತೋರಿಸುತ್ತೆ. ಅದು ಕ್ಲಾಸ್‌ರೂಮ್‌ಗೆ ಓಕೆ, ಟ್ಯಾಲಿ ಒಂದು ಕಡೆ, ಜಿಎಸ್‌ಟಿಆರ್-2ಬಿ ಇನ್ನೊಂದು ಕಡೆ ಇಟ್ಟು ಬಿಲ್ ತಾಳೆ ನೋಡೋಕೆ ಉಪಯೋಗಕ್ಕೆ ಬರಲ್ಲ.

ಎರಡೂ ಮಾನಿಟರ್ ಸಿಕ್ಕಿಸಿದ ಮೇಲೂ ಒಂದೇ ಚಿತ್ರ ಬರ್ತಿದ್ರೆ ಗಾಬರಿ ಬೇಡ. ವಿಂಡೋಸ್ ಕೀ ಹಿಡಿದು ಪಿ ಒತ್ತಿ, ಎಕ್ಸ್‌ಟೆಂಡ್ ಆರಿಸಿ. ನಿಮ್ಮ ಟೇಬಲ್‌ನ ಫೋಟೊ ಹಾಕಿ ಟ್ಯಾಗ್ ಮಾಡಿ, ನೋಡೋಣ.

#ಹಳೇಕಂಪ್ಯೂಟರ್‌ಕಥೆ #ಕನ್ನಡದಲ್ಲಿಟೆಕ್ #ಬಿಕಾಂ