ಮಚವೆಯ ಎಣ್ಣೆ, ಕಾರಿನ ಮೇಣ

ಕಳೆದ ಮಳೆಗಾಲದ ಆರಂಭದಲ್ಲಿ ಮಗ ಎರಡು ಸ್ಪ್ರೇ ಬಾಟಲಿ ತಂದು ಜಗುಲಿಯ ಮೇಲಿಟ್ಟ. ಒಂದು ಕಾರ್ನೂಬಾ ಮೇಣದ್ದು, ಇನ್ನೊಂದು ಸಿಲಿಕಾ ಬೆರೆಸಿದ್ದು. ಎರಡೂ ಕಾರಿನ ಬಣ್ಣಕ್ಕೆ ಹಚ್ಚುವಂಥವು. “ಯಾವುದು ತಡೀತದೆ ನೋಡ್ವ ಆಯಿ” ಎನ್ನುತ್ತ ಬಾನೆಟ್ಟಿನ ನಟ್ಟನಡುವೆ ಬೈತಲೆ ತೆಗೆದ ಹಾಗೆ ಟೇಪು ಅಂಟಿಸಿ, ಎಡಕ್ಕೆ ಒಂದು, ಬಲಕ್ಕೆ ಒಂದು ಸಿಂಪಡಿಸಿ ಒರೆಸಿದ. ಕುಮಟೆಯ ಮಳೆಗೆ ಪರೀಕ್ಷೆ ಬರೆಯಲು ಕೂಡಿಸಿದ ಎರಡು ಮಕ್ಕಳಂತೆ ನನಗೆ ಕಂಡಿತು.

ಇಂಥ ಹೋಲಿಕೆ ಹೊಸದೇನಲ್ಲ. 1183ರಲ್ಲಿ ಸ್ಪೇನಿನ ಗ್ರನಾಡಾದಿಂದ ಮೆಕ್ಕಾ ಯಾತ್ರೆಗೆ ಹೊರಟ ಇಬ್ನ್ ಜುಬೈರ್, ಕೆಂಪು ಸಮುದ್ರದ ಐದಾಬ್ ಬಂದರಿನಲ್ಲಿ ನಿಂತು ಅಲ್ಲಿಯ ಹಡಗುಗಳನ್ನು ವರ್ಣಿಸಿದ್ದಾನೆ. ಅವುಗಳಿಗೆ ಮೊಳೆಯಿಲ್ಲ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಮೇಲೆ ತುಪ್ಪವನ್ನೋ ಹರಳೆಣ್ಣೆಯನ್ನೋ ಶಾರ್ಕ್ ಮೀನಿನ ಎಣ್ಣೆಯನ್ನೋ ಬಳಿಯುತ್ತಿದ್ದರು. ಮೂರರಲ್ಲಿ ಶಾರ್ಕಿನ ಎಣ್ಣೆಯೇ ಮೇಲೆಂದು ಅವನ ತೀರ್ಪು. ಮರವೂ ನಾರೂ ಹಿಂದೂಸ್ತಾನದಿಂದ, ಯೆಮನ್‌ನಿಂದ ಬರುತ್ತಿದ್ದವಂತೆ. ಮುಂದಿನ ಶತಮಾನಗಳಲ್ಲಿ ಹೊನ್ನಾವರ, ಭಟ್ಕಳಗಳೂ ಆ ಕಡಲ ವ್ಯಾಪಾರದ ಹೆಸರಾಂತ ಬಂದರುಗಳಾದವು. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಇಬ್ನ್ ಬತೂತಾ ಅಲ್ಲಿ ಹೆಣ್ಣುಮಕ್ಕಳ 13 ಶಾಲೆಗಳಿದ್ದವೆಂದು ಬರೆದಿಟ್ಟಿದ್ದಾನೆ. ಹಡಗಿನ ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ; ಮಾಸ್ತರಿಕೆಯವಳು ನಾನು, ಹೇಳದೆ ಮುಂದೆ ಹೋಗಲು ಮನಸ್ಸು ಬರಲಿಲ್ಲ.

ಹೊನ್ನಾವರ ನನ್ನ ತವರು. ಶರಾವತಿ ಕಡಲು ಸೇರುವಲ್ಲಿ ಅಜ್ಜನಿಗೆ ಒಂದು ಮಚವೆಯಲ್ಲಿ ಪಾಲಿತ್ತು. ಮಳೆಗಾಲಕ್ಕೆ ಅದನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸುತ್ತಿದ್ದರು. ನೂಲುಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಡುವ ಹೊತ್ತಿಗೆ ಮತ್ತೆ ಎಣ್ಣೆ. ಯಾವ ಎಣ್ಣೆ ಎಂಬುದಕ್ಕೆ ದೊಡ್ಡ ಚರ್ಚೆ. ತಾರ್ಲೆ ಮೀನಿನ ಎಣ್ಣೆ ಅಗ್ಗ, ಆದರೆ ವಾಸನೆ ಊರೆಲ್ಲ. ಆ ದಿನಗಳಲ್ಲಿ ಅಜ್ಜನನ್ನು ಅಜ್ಜಿ ಒಳಗೆ ಸೇರಿಸುತ್ತಿರಲಿಲ್ಲ. ಹೊನ್ನೆ ಎಣ್ಣೆಗೆ ಅಷ್ಟು ನಾತವಿಲ್ಲ, ಹುಳುವೂ ಹತ್ತಿರ ಬಾರದೆನ್ನುವರು, ಆದರೆ ಬೀಜ ಆರಿಸಿ ಗಾಣಕ್ಕೆ ಹಾಕುವಷ್ಟು ಪುರಸೊತ್ತು ಬೇಕು. ಗೇರುಬೀಜದ ಸಿಪ್ಪೆಯ ಎಣ್ಣೆ ಎಲ್ಲಕ್ಕಿಂತ ಗಟ್ಟಿ. ಒಣಗಿದರೆ ಕಪ್ಪು ತೊಗಲಿನಂತೆ ಹಲಗೆಗೆ ಕೂತುಬಿಡುತ್ತದೆ. ಆದರೆ ಕೈಗೆ ತಾಗಿದರೆ ಸುಡುತ್ತದೆ. ಗೇರು ಕಾರ್ಖಾನೆಗಳಲ್ಲಿ ಬೀಜ ಒಡೆಯುವ ಹೆಂಗಸರು ಬೂದಿಯನ್ನೋ ಹರಳೆಣ್ಣೆಯನ್ನೋ ಕೈಗೆ ಬಳಿದುಕೊಳ್ಳುವುದು ಅದಕ್ಕೇ. ದೋಣಿಯನ್ನು ಕಾಯುವ ಎಣ್ಣೆಯಿಂದ ಕೈಯನ್ನು ಕಾಯಲು ಇನ್ನೊಂದು ಎಣ್ಣೆ!

ಗೇರು ನಮ್ಮ ಮರವಲ್ಲ, ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದದ್ದು ಎಂಬುದನ್ನು ನೀವು ಕೇಳಿರಬಹುದು. ಮಗನ ಬಾಟಲಿಯ ಕಾರ್ನೂಬಾ ಕೂಡ ಅದೇ ಬ್ರೆಜಿಲಿನ ಈಶಾನ್ಯ ಭಾಗದ್ದು. ಅಲ್ಲಿಯ ಒಂದು ಜಾತಿಯ ತಾಳೆ, ಬಿರುಬಿಸಿಲಿನಲ್ಲಿ ತನ್ನ ನೀರು ಆರಿಹೋಗದಂತೆ ಎಲೆಯ ಮೇಲೆ ಮೇಣ ಹೊದೆಯುತ್ತದೆ. ಎಲೆ ಕೊಯ್ದು, ಒಣಗಿಸಿ, ಬಡಿದರೆ ಪುಡಿಯಾಗಿ ಉದುರುತ್ತದೆ. ನಮ್ಮ ಜೇನುಮೇಣ ಸುಮಾರು 63 ಡಿಗ್ರಿಗೆ ಕರಗಿದರೆ ಇದು 80 ದಾಟುವವರೆಗೂ ಕರಗದು. ಏಪ್ರಿಲ್ ಮಧ್ಯಾಹ್ನ ಭಟ್ಕಳದ ಬಸ್ ನಿಲ್ದಾಣದೆದುರು ನಿಂತ ಕಪ್ಪು ಕಾರನ್ನು ಮುಟ್ಟಿ ನೋಡಿದವರಿಗೆ ಈ ವ್ಯತ್ಯಾಸ ಏಕೆ ಮುಖ್ಯವೆಂದು ಬೇರೆ ಹೇಳಬೇಕಿಲ್ಲ.

ಅದೇ ಭಟ್ಕಳದಲ್ಲಿ ನನ್ನ ಕೆಲಸದ ಮೊದಲ ವರ್ಷಗಳು ಕಳೆದವು. ಗಲ್ಫಿನಿಂದ ರಜೆಗೆ ಬಂದವರ ಕಾರುಗಳ ಹೊಳಪಿನಲ್ಲಿ ಸೆರಗು ಸರಿಮಾಡಿಕೊಳ್ಳಬಹುದಿತ್ತು. ಆ ಹೊಳಪಿನ ಆಸೆಗೇ ಇರಬೇಕು, 2003ರಲ್ಲಿ ನನ್ನ ಭವಿಷ್ಯನಿಧಿಯಿಂದ ಸಾಲ ತೆಗೆದು ಹಳೆಯ ಮಾರುತಿ 800 ಒಂದನ್ನು ಕೊಂಡೆವು. ಆಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಎಂಬುದು ನೆಪವೂ ಹೌದು, ನಿಜವೂ ಹೌದು. ಪ್ರತಿ ಭಾನುವಾರ ನಾನೂ ಯಜಮಾನರೂ ಡಬ್ಬಿಯ ಮೇಣ ಹಚ್ಚಿ ಹಳೆಯ ಪಂಚೆಯಿಂದ ತಿಕ್ಕುತ್ತಿದ್ದೆವು. ಮೈಮೇಲೆ ನೀರು ಮುತ್ತಾಗಿ ಉರುಳುತ್ತಿತ್ತು. ಕಾರಿಗೇನೂ ಆಗದು ಎಂದುಕೊಂಡೆವು.

ನಾಲ್ಕನೆಯ ಮಳೆಗಾಲದಲ್ಲಿ, ಹೆದ್ದಾರಿಯ ಒಂದು ಹೊಂಡದಲ್ಲಿ ಕಾರು ಕುಲುಕಿ ಹಾರಿತು. ಹಿಂದಿನ ಸೀಟಿನಿಂದ ಆಯಿ ಕೂಗಿದಳು. ಅವಳ ಕಾಲಡಿಯ ತಗಡು ಹರಿದು, ಚಾಪೆಯಡಿಯಿಂದ ಕೆಂಪು ನೀರು ಚಿಮ್ಮಿ ಸೀರೆಯ ಅಂಚೆಲ್ಲ ರಾಡಿ. ಇಳಿದು ಬಗ್ಗಿ ನೋಡಿದರೆ ಅಡಿಭಾಗ ಹಪ್ಪಳ. ಉಪ್ಪು ಗಾಳಿಯ ತೇವವನ್ನು ಹೀರುತ್ತದೆ. ಚಾಪೆಯಡಿ, ಬಾಗಿಲ ಕೆಳಸಂದಿ, ತಗಡು ತಗಡು ಕೂಡುವ ಹೊಲಿಗೆ—ಇಲ್ಲೆಲ್ಲ ಆ ಪಸೆ ಆರುವುದೇ ಇಲ್ಲ. ಮೇಣ ಅಲ್ಲಿಗೆ ಮುಟ್ಟುವುದೂ ಇಲ್ಲ. ಆಯಿ ಬೈಯಲಿಲ್ಲ. ಸೀರೆ ಹಿಂಡುತ್ತ, “ನಿನ್ನ ಅಜ್ಜ ಮಚವೆಯ ಹೊಟ್ಟೆಗೆ ಎಣ್ಣೆ ಹಚ್ಚುತ್ತಿದ್ದರು. ನೀವು ಕಾರಿನ ತಲೆಗೆ ಹಚ್ಚಿದಿರಿ” ಎಂದಳು. ಸಾಲದ ಕಂತು ಇನ್ನೂ ಮುಗಿದಿರಲಿಲ್ಲ. ಕಾರು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಆಮೇಲೆ ಆಸ್ಪತ್ರೆಗೆ ಆಯಿ ಬಸ್ಸಿನಲ್ಲೇ ಓಡಾಡಿದಳು, ಕೊನೆಯವರೆಗೂ.

ಮಗನ ಪರೀಕ್ಷೆಯ ಫಲಿತಾಂಶ ಹೇಳಬೇಕಲ್ಲ. ಮೊದಲ ವಾರ ಎರಡೂ ಕಡೆ ನೀರು ಒಂದೇ ರೀತಿ ಉರುಳಿತು. ಕಾರ್ನೂಬಾದ ಕಡೆ ಬಣ್ಣ ತುಸು ಆಳವಾಗಿ, ಎಣ್ಣೆ ಹಚ್ಚಿದ ಕರಿ ಬಳಪದ ಹಲಗೆಯಂತೆ ಕಾಣುತ್ತಿತ್ತು. ನಾಲ್ಕನೆಯ ವಾರಕ್ಕೆ ಅಲ್ಲಿ ನೀರು ಹಾಳೆಯಂತೆ ಹರಡತೊಡಗಿತು. ಸಿಲಿಕಾದ ಕಡೆ ನೂಲುಹುಣ್ಣಿಮೆಯವರೆಗೂ ಹನಿಗಳು ನಿಂತವು. ಚೆಂದಕ್ಕೆ ಮೊದಲನೆಯದು, ಬಾಳಿಕೆಗೆ ಎರಡನೆಯದು ಎಂದು ಮಗ ತೀರ್ಮಾನಿಸಿದ. ನನ್ನ ತಕರಾರೇನಿಲ್ಲ.

ಆದರೆ ಆ ಶನಿವಾರ ಅವನ ಜೊತೆ ನಾನೂ ಗ್ಯಾರೇಜಿಗೆ ಹೋದೆ. ಕಾರನ್ನು ಮೇಲೆತ್ತಿಸಿ, ಚಾಪೆಗಳನ್ನು ತೆಗೆಸಿ, ಬಾಗಿಲ ಕೆಳಗಿನ ನೀರು ಬಸಿಯುವ ತೂತುಗಳಲ್ಲಿ ಕೂತ ಮಣ್ಣನ್ನು ತೆಂಗಿನ ಹಿಡಿಕಡ್ಡಿಯಿಂದ ಬಿಡಿಸಿದೆ. ಹುಡುಗ ಅಡಿಗೆ ತುಕ್ಕು ತಡೆಯುವ ಕರಿ ಬಣ್ಣ ಹೊಡೆಯುವವರೆಗೂ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. “ಅಕ್ಕೋರೇ, ಇದು ಯಾರ ಕಣ್ಣಿಗೂ ಬೀಳೂದಿಲ್ಲ” ಎಂದ ಅವನು, ಬೇಗ ಮುಗಿಸುವ ಆಸೆಗೆ. ಇನ್ನೊಂದು ಕೋಟು ಹೊಡೆ ಎಂದೆ.