ತಪ್ಪಿಗೂ ಜೊತೆ ನಿಂತ ಮೈತ್ರಿಗಳು

1914ರ ಜೂನ್ 28ರಂದು ಬೋಸ್ನಿಯಾದ ಸರಾಯೆವೊ ನಗರದಲ್ಲಿ ಆಸ್ಟ್ರಿಯ-ಹಂಗೇರಿಯ ಸಿಂಹಾಸನದ ಉತ್ತರಾಧಿಕಾರಿ ಫ್ರಾಂಝ್ ಫರ್ಡಿನಾಂಡ್ ಮತ್ತು ಅವರ ಪತ್ನಿ ಗುಂಡಿಗೆ ಬಲಿಯಾದರು. ಗುಂಡು ಹಾರಿಸಿದವನು ಗಾವ್ರಿಲೊ ಪ್ರಿನ್ಸಿಪ್ ಎಂಬ 19ರ ಹರೆಯದ ಸರ್ಬ್ ಯುವಕ. 1908ರಲ್ಲಿ ಆಸ್ಟ್ರಿಯವು ಬೋಸ್ನಿಯಾವನ್ನು ತನ್ನ ಸಾಮ್ರಾಜ್ಯಕ್ಕೆ ಸೇರಿಸಿಕೊಂಡ ಸಿಟ್ಟು ಸರ್ಬ್ ರಾಷ್ಟ್ರವಾದಿಗಳಲ್ಲಿ ಕುದಿಯುತ್ತಿತ್ತು. ಆದರೂ ಅದು ವಿಚಾರಣೆ ನಡೆದು ಶಿಕ್ಷೆಯಾಗಬೇಕಾದ ಒಂದು ಅಪರಾಧವಾಗಿತ್ತು. ಕೇವಲ 37 ದಿನಗಳಲ್ಲಿ ಯುರೋಪಿನ ಐದು ದೊಡ್ಡ ಶಕ್ತಿಗಳು ಯುದ್ಧಕ್ಕಿಳಿದವು.

ಇದು ಹೇಗಾಯಿತು? ಜುಲೈ 5ರಂದು ಜರ್ಮನಿಯ ಚಕ್ರವರ್ತಿ, ಸರ್ಬಿಯದ ವಿರುದ್ಧ ಏನೇ ಮಾಡಿದರೂ ಜೊತೆಗಿರುವೆವೆಂದು ಆಸ್ಟ್ರಿಯಕ್ಕೆ ಭರವಸೆ ಕೊಟ್ಟ. ಚರಿತ್ರೆಕಾರರು ಇದನ್ನು 'ಖಾಲಿ ಚೆಕ್' ಎನ್ನುತ್ತಾರೆ. ಆ ಬಲದಿಂದ ಆಸ್ಟ್ರಿಯ 48 ಗಂಟೆಗಳ ಗಡುವಿನೊಂದಿಗೆ ಕಠಿಣ ಷರತ್ತುಗಳನ್ನು ಕಳುಹಿಸಿತು. ಸರ್ಬಿಯ ಹೆಚ್ಚಿನವನ್ನು ಒಪ್ಪಿದರೂ ಜುಲೈ 28ರಂದು ಯುದ್ಧ ಸಾರಿತು. ಸ್ಲಾವ್ ಬಂಧುಗಳೆಂದು ರಷ್ಯವು ಸರ್ಬಿಯದ ಪರವಾಗಿ ಸೇನೆ ಸಜ್ಜುಗೊಳಿಸಿತು. ಜರ್ಮನಿಯು ರಷ್ಯದ ಮೇಲೂ ಅದರ ಮಿತ್ರ ಫ್ರಾನ್ಸಿನ ಮೇಲೂ ಯುದ್ಧ ಸಾರಿ, ತಟಸ್ಥ ಬೆಲ್ಜಿಯಂಗೆ ನುಗ್ಗಿತು. ಆಗಸ್ಟ್ 4ರಂದು ಬ್ರಿಟನ್ನೂ ಇಳಿಯಿತು. ತನ್ನ ಮಿತ್ರನ ಕೈ ಹಿಡಿದು ಸಕಾಲದಲ್ಲಿ 'ನಿಲ್ಲು' ಎಂದು ಗಟ್ಟಿಯಾಗಿ ಹೇಳುವವರು ಇರಲಿಲ್ಲ.

ಮುಸ್ಲಿಮ್ ಜಗತ್ತೂ ಹೊರಗುಳಿಯಲಿಲ್ಲ. ಉಸ್ಮಾನಿಯಾ ಸರಕಾರದ ಕೆಲವೇ ನಾಯಕರು ಆಗಸ್ಟ್ 2ರಂದು ಜರ್ಮನಿಯೊಂದಿಗೆ ರಹಸ್ಯ ಒಪ್ಪಂದ ಮಾಡಿಕೊಂಡರು. ನವೆಂಬರ್‌ನಲ್ಲಿ ಇಸ್ತಾಂಬುಲ್‌ನಿಂದ ಜಿಹಾದ್‌ನ ಕರೆಯೂ ಹೊರಟಿತು. ಆದರೆ ಬ್ರಿಟಿಷ್ ಭಾರತದ ಸೇನೆಯಲ್ಲೂ ಸಾವಿರಾರು ಮುಸ್ಲಿಮರಿದ್ದರು. ಒಂದೇ ಕಿಬ್ಲಾದತ್ತ ಮುಖ ಮಾಡುವವರು ರಣರಂಗದಲ್ಲಿ ಎದುರುಬದುರಾದರು. 1918ರ ಸೆಪ್ಟೆಂಬರ್ 23ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಜೋಧಪುರದ ಪಡೆಯೊಂದಿಗೆ ಫೆಲೆಸ್ತೀನಿನ ಹೈಫಾದಲ್ಲಿ ಉಸ್ಮಾನಿ ಸೈನ್ಯದ ವಿರುದ್ಧ ಕಾದಿತು. ಸರಾಯೆವೊದ ಕಿಡಿ ಮೈಸೂರಿನ ಮನೆಗಳನ್ನೂ ತಾಗಿತ್ತು. ಯುದ್ಧ ಮುಗಿಯುವಾಗ ಸುಮಾರು ಒಂದು ಕೋಟಿ ಸೈನಿಕರು ಸತ್ತಿದ್ದರು. ಉಸ್ಮಾನಿಯಾ ಸಹಿತ ನಾಲ್ಕು ಸಾಮ್ರಾಜ್ಯಗಳು ಕುಸಿದವು.

ಮೈತ್ರಿ ಎಂಬುದೇ ಕೆಟ್ಟದ್ದೇ? ಅಲ್ಲ. ಯಮನಿನ ವ್ಯಾಪಾರಿಯೊಬ್ಬನಿಗೆ ಮಕ್ಕಾದ ಪ್ರಮುಖನೊಬ್ಬ ಸರಕಿನ ಹಣ ಕೊಡದೆ ವಂಚಿಸಿದಾಗ, ಕೆಲವು ಗೋತ್ರದವರು ಅಬ್ದುಲ್ಲಾ ಬಿನ್ ಜುದ್‌ಆನ್‌ನ ಮನೆಯಲ್ಲಿ ಸೇರಿ, ಮರ್ದಿತನು ಯಾರೇ ಆಗಿರಲಿ ಅವನ ಪರ ನಿಲ್ಲುವೆವೆಂದು ಪ್ರತಿಜ್ಞೆ ಮಾಡಿದರು. ಅದುವೇ ಹಿಲ್ಫುಲ್ ಫುಝೂಲ್. ಯುವಕರಾಗಿದ್ದ ಪ್ರವಾದಿ ಮುಹಮ್ಮದ್(ಸ)ರು ಅದರಲ್ಲಿ ಪಾಲ್ಗೊಂಡಿದ್ದರು; ಪ್ರವಾದಿತ್ವದ ಬಳಿಕವೂ ಅದನ್ನು ಮೆಚ್ಚಿ ನೆನೆದರು. ಸ್ವಜನರನ್ನು ಪ್ರೀತಿಸುವುದು ಪಕ್ಷಪಾತವಲ್ಲ, ಅನ್ಯಾಯದಲ್ಲಿ ಅವರಿಗೆ ನೆರವಾಗುವುದೇ ಅಸಬಿಯ್ಯ ಎಂದೂ ಅವರು ಕಲಿಸಿದರು. ಅಕ್ರಮಿಯಾದ ಸಹೋದರನಿಗೆ ಮಾಡುವ ಸಹಾಯವೆಂದರೆ ಅವನ ಕೈ ತಡೆಯುವುದೇ ಆಗಿದೆ.

1914ರ ಮೈತ್ರಿಗಳು 'ಯಾರು ನಮ್ಮವರು?' ಎಂದಷ್ಟೇ ಕೇಳಿದವು. ಹಿಲ್ಫುಲ್ ಫುಝೂಲ್ 'ಯಾರಿಗೆ ಅನ್ಯಾಯವಾಗಿದೆ?' ಎಂದು ಕೇಳಿತು. ಕುಟುಂಬದ ಮನಸ್ತಾಪದಲ್ಲಿ, ಮೊಹಲ್ಲಾದ ಜಗಳದಲ್ಲಿ ನಾವು ಯಾವ ಪ್ರಶ್ನೆ ಕೇಳುತ್ತಿದ್ದೇವೆ? ನಮ್ಮವರ ತಪ್ಪನ್ನು ನಮ್ಮವರಿಗೇ ಹೇಳುವ ಧೈರ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ, ಆಮೀನ್.