ಡ್ರೂಪಲ್: ಕೊಕ್ಕೆಗಳಿಂದ ಕಟ್ಟಿದ ಹಳ್ಳಿ

ನಿಮ್ಮ ಮನೆಯ ಗೋಡೆಯಲ್ಲಿರುವ ಪ್ಲಗ್ ಪಾಯಿಂಟನ್ನು ಗಮನಿಸಿ. ಅಲ್ಲಿಗೆ ನೀವು ಮಿಕ್ಸಿ ಜೋಡಿಸುವಿರೋ ಇಸ್ತ್ರಿಪೆಟ್ಟಿಗೆಯನ್ನೋ ಎಂಬುದು ಅದನ್ನು ಕೂರಿಸಿದ ಎಲೆಕ್ಟ್ರಿಷಿಯನ್‌ಗೆ ತಿಳಿದಿರಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ. ರಂಧ್ರಗಳ ಅಳತೆ ಮತ್ತು ವೋಲ್ಟೇಜು ಮೊದಲೇ ನಿಗದಿಯಾಗಿದ್ದರೆ ಸಾಕು, ಉಪಕರಣವನ್ನು ಯಾರು ಬೇಕಾದರೂ ತಯಾರಿಸಬಹುದು. ಗೋಡೆ ಒಡೆಯುವ ಪ್ರಮೇಯವಿಲ್ಲ. ಜಾಲತಾಣ ಕಟ್ಟುವ ತಂತ್ರಾಂಶಗಳಲ್ಲಿ 'ಪ್ಲಗಿನ್' ಎನ್ನುವುದು ಇದೇ ಕಲ್ಪನೆ. ಇದನ್ನು ಬಳಸಿ ಬೆಳೆದ ಡ್ರೂಪಲ್ ಎಂಬ ತಂತ್ರಾಂಶದ ಚರಿತ್ರೆ ಸ್ವಾರಸ್ಯಕರವಾಗಿದೆ.

ಹಳ್ಳಿ ಹನಿಯಾದದ್ದು

2000ದಲ್ಲಿ ಬೆಲ್ಜಿಯಂನ ಆಂಟ್‌ವರ್ಪ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಸದಾ ತೆರೆದಿರುವ ಅಂತರಜಾಲ ಸಂಪರ್ಕ ಸುಲಭವಾಗಿ ದೊರೆಯುತ್ತಿರಲಿಲ್ಲ. ಡ್ರೀಸ್ ಬೌಟಾರ್ಟ್ ಮತ್ತು ಹಾನ್ಸ್ ಸ್ನೈಡರ್ ಎಂಬ ಇಬ್ಬರು ವಿದ್ಯಾರ್ಥಿಗಳು ತಮ್ಮ ವಸತಿನಿಲಯಗಳ ನಡುವೆ ನಿಸ್ತಂತು ಸಂಪರ್ಕ ಕಲ್ಪಿಸಿ, ಒಂದೇ ಮೋಡೆಮನ್ನು ಎಂಟು ಮಂದಿ ಹಂಚಿಕೊಳ್ಳುವಂತೆ ಮಾಡಿದರು. ಸಂಪರ್ಕ ಸರಿಯಿದೆಯೇ, ರಾತ್ರಿ ಊಟ ಎಲ್ಲಿ ಎಂಬ ಸಣ್ಣಪುಟ್ಟ ಸುದ್ದಿ ಬರೆದಿಡಲು ಬೌಟಾರ್ಟ್ ಒಂದು ಪುಟ್ಟ ತಾಣವನ್ನೂ ರಚಿಸಿದರು.

ಓದು ಮುಗಿದ ಬಳಿಕವೂ ಗೆಳೆಯರ ಸಂಪರ್ಕ ಉಳಿಯಲೆಂದು ಅದನ್ನು ಅಂತರಜಾಲಕ್ಕೆ ಏರಿಸಲು ನಿರ್ಧರಿಸಿದರು. ಬೌಟಾರ್ಟ್ ಬಯಸಿದ ಹೆಸರು 'ಡಾರ್ಪ್'. ಡಚ್ ಭಾಷೆಯಲ್ಲಿ ಹಾಗೆಂದರೆ ಹಳ್ಳಿ. ಬೆರಳಚ್ಚು ತಪ್ಪಿ ಅದು 'ಡ್ರಾಪ್' ಆಯಿತು. ಆ ಹೆಸರೇ ಉಳಿಯಿತು. ತಾಣವನ್ನು ನಡೆಸುತ್ತಿದ್ದ ತಂತ್ರಾಂಶವನ್ನು 2001ರ ಜನವರಿಯಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದಾಗ, ಹನಿ ಎಂಬರ್ಥದ ಡಚ್ ಪದದಿಂದ 'ಡ್ರೂಪಲ್' ಎಂಬ ಹೆಸರನ್ನು ಕೊಟ್ಟರು.

ಕೊಕ್ಕೆ ಎಂದರೇನು?

ಡ್ರೂಪಲ್‌ನಲ್ಲಿ ಎರಡು ಭಾಗಗಳಿವೆ. ಎಲ್ಲರಿಗೂ ಬೇಕಾದ ಕೆಲಸಗಳಷ್ಟೇ ಇರುವ ತಿರುಳು ಒಂದು. ಬೇಕಾದವರು ಸೇರಿಸಿಕೊಳ್ಳುವ ಮಾಡ್ಯೂಲುಗಳು ಇನ್ನೊಂದು. ಎರಡನ್ನೂ ಬೆಸೆಯುವುದು 'ಹುಕ್', ಅಂದರೆ ಕೊಕ್ಕೆ.

ಹೊಸ ಸದಸ್ಯರೊಬ್ಬರು ನೋಂದಾಯಿಸಿಕೊಂಡರೆನ್ನಿ. ತಿರುಳು ಆ ಕ್ಷಣದಲ್ಲಿ ನಿಂತು, 'ಈ ಸಂದರ್ಭದಲ್ಲಿ ಮಾಡಬೇಕಾದ ಕೆಲಸ ಯಾರಿಗಾದರೂ ಇದೆಯೇ?' ಎಂದು ಎಲ್ಲ ಮಾಡ್ಯೂಲುಗಳನ್ನೂ ವಿಚಾರಿಸುತ್ತದೆ. ಉತ್ತರ ತಿಳಿಯುವ ಬಗೆ ಬಹು ಸರಳ. ನಿಮ್ಮ ಮಾಡ್ಯೂಲಿನ ಹೆಸರು 'ಸ್ವಾಗತ' ಎಂದಿರಲಿ. ಅದರಲ್ಲಿ 'ಸ್ವಾಗತ_ಯೂಸರ್' ಎಂಬ ಫಂಕ್ಷನ್ ಇದ್ದರೆ ತಿರುಳು ಅದನ್ನು ಕರೆಯುತ್ತದೆ, ಇಲ್ಲದಿದ್ದರೆ ಮುಂದೆ ಸಾಗುತ್ತದೆ. ಆರನೆಯ ಆವೃತ್ತಿಯವರೆಗೂ ಸದಸ್ಯರಿಗೆ ಸಂಬಂಧಿಸಿದ ಕೊಕ್ಕೆ ಹೀಗೆಯೇ ಇತ್ತು. ನೋಂದಣಿ ನಮೂನೆಯಲ್ಲಿ 'ನಿಮ್ಮ ಊರು' ಎಂಬ ಕಲಂ ಸೇರಿಸಲೂ ಇಂಥದೇ ಇನ್ನೊಂದು ಕೊಕ್ಕೆ ಉಂಟು. ತಿರುಳಿನ ಒಂದು ಸಾಲನ್ನೂ ನೀವು ಮುಟ್ಟಬೇಕಿಲ್ಲ.

ಹಲವು ಮಾಡ್ಯೂಲುಗಳು ಒಟ್ಟಿಗೆ ಉತ್ತರಿಸಿದರೆ ಯಾವುದು ಮೊದಲು? ಇದಕ್ಕಾಗಿ ಪ್ರತಿಯೊಂದಕ್ಕೂ ಒಂದು 'ಭಾರ' ನಿಗದಿಯಾಗಿರುತ್ತದೆ. ಹಗುರವಾದದ್ದು ಮೇಲೆ, ಭಾರವಾದದ್ದು ತಳಕ್ಕೆ. ಭಾರ ಸಮವಾದರೆ ಹೆಸರಿನ ಅಕ್ಷರಾನುಕ್ರಮ.

ಅಂಚಿನಿಂದ ತಿರುಳಿಗೆ

ಈ ವ್ಯವಸ್ಥೆಯ ಫಲವಾಗಿ, ಎಂದೂ ಭೇಟಿಯಾಗದವರು ಒಬ್ಬರು ಮಾಡಿದ್ದರ ಮೇಲೆ ಇನ್ನೊಬ್ಬರು ಕಟ್ಟತೊಡಗಿದರು. ಮೊಶೆ ವೈಟ್ಸ್‌ಮನ್ ಅವರ 'ಆರ್ಗ್ಯಾನಿಕ್ ಗ್ರೂಪ್ಸ್' ಮಾಡ್ಯೂಲು ತಾಣದೊಳಗೇ ಸದಸ್ಯರ ಗುಂಪುಗಳನ್ನು ರಚಿಸಲು ಅನುವು ಮಾಡಿತು. ಅರ್ಲ್ ಮೈಲ್ಸ್ ಅವರ 'ವ್ಯೂಸ್', ಬೇಕಾದ ಬರಹಗಳನ್ನು ಬೇಕಾದ ಕ್ರಮದಲ್ಲಿ ಪಟ್ಟಿಮಾಡಿತು. 'ಸಿಸಿಕೆ' ಎಂಬುದು ಹೊಸ ಬಗೆಯ ಬರಹಗಳಿಗೆ ಕಲಂಗಳನ್ನು ಒದಗಿಸಿತು. ಇವುಗಳ ಮುಂದಿನ ಚರಿತ್ರೆ ಗಮನಾರ್ಹ. ಸಿಸಿಕೆಯ ಮುಖ್ಯಾಂಶಗಳು 2011ರ ಏಳನೆಯ ಆವೃತ್ತಿಯಲ್ಲಿಯೂ ವ್ಯೂಸ್ 2015ರ ಎಂಟನೆಯ ಆವೃತ್ತಿಯಲ್ಲಿಯೂ ತಿರುಳಿಗೇ ಸೇರಿದವು. ಹೊರಗಿನವರು ಮಾಡಿ ನೋಡಿದ ಪ್ರಯೋಗ ಒಳಗಿನ ನಿಯಮವಾಯಿತು.

ಕನ್ನಡಕ್ಕೂ ಇದರ ಪ್ರಯೋಜನ ದೊರೆಯಿತು. ಹರಿಪ್ರಸಾದ್ ನಾಡಿಗ್ 2005ರಲ್ಲಿ ಆರಂಭಿಸಿದ 'ಸಂಪದ' ಸಮುದಾಯ ತಾಣ ಡ್ರೂಪಲ್ ಮೇಲೆಯೇ ನಿಂತಿತ್ತು.

ಅದೇ 2005ರ ಜುಲೈನಲ್ಲಿ ಡ್ರೂಪಲ್‌ನ ಸ್ವಂತ ತಾಣವೇ ದಟ್ಟಣೆ ತಾಳಲಾರದೆ ಕುಸಿಯಿತು. ಬೌಟಾರ್ಟ್ 3,000 ಡಾಲರ್ ನೆರವು ಕೋರಿದರು. ಒಂದು ದಿನದೊಳಗೆ ಸುಮಾರು 10,000 ಡಾಲರ್ ಕೂಡಿಬಂತು. ಸನ್ ಮೈಕ್ರೋಸಿಸ್ಟಮ್ಸ್ ಸರ್ವರ್ ಕೊಟ್ಟಿತು. ಆರೆಗನ್ ಸ್ಟೇಟ್ ವಿಶ್ವವಿದ್ಯಾಲಯ ಅದಕ್ಕೆ ಜಾಗ ನೀಡಿತು. ಕೂಡಿಸಿದ್ದು ಬರಿಯ ಮಾಡ್ಯೂಲುಗಳನ್ನಲ್ಲ, ಜನರನ್ನು ಎಂಬುದು ಸ್ಪಷ್ಟವಾಯಿತು.

ತೆರಬೇಕಾದ ಬೆಲೆ

ಇಷ್ಟೆಲ್ಲ ಪುಕ್ಕಟೆಯೇ? ಅಲ್ಲ. ಹೊಸ ಆವೃತ್ತಿ ಬಂದಾಗ ಸದಸ್ಯರ ಬರಹಗಳನ್ನು ಉಳಿಸಿಕೊಂಡರೆ ಸಾಕು, ಹಳೆಯ ಮಾಡ್ಯೂಲುಗಳು ನಡೆಯಲೇಬೇಕೆಂದಿಲ್ಲ ಎಂಬುದು ಬಹುಕಾಲ ಡ್ರೂಪಲ್‌ನ ನೀತಿಯಾಗಿತ್ತು. ಗೋಡೆಯ ಪ್ಲಗ್ ಪಾಯಿಂಟಿನ ಅಳತೆಯೇ ಕೆಲವು ವರ್ಷಗಳಿಗೊಮ್ಮೆ ಬದಲಾದಂತೆ! ಮಾಡ್ಯೂಲು ಬರೆದವರು ಅದನ್ನು ತಿದ್ದದೆ ಕೈಬಿಟ್ಟರೆ, ಅದನ್ನು ನಂಬಿದ ತಾಣ ಹಳೆಯ ಆವೃತ್ತಿಯಲ್ಲೇ ಸಿಕ್ಕಿಬೀಳುತ್ತದೆ. ಎಂಟನೆಯ ಆವೃತ್ತಿಯ ಬದಲಾವಣೆ ದೊಡ್ಡದಾಗಿದ್ದುದರಿಂದ ಬಹಳಷ್ಟು ತಾಣಗಳು ಏಳರಲ್ಲೇ ಉಳಿದವು. ಅದರ ಬೆಂಬಲದ ಗಡುವನ್ನು ಮತ್ತೆ ಮತ್ತೆ ಮುಂದೂಡಿ, ಕೊನೆಗೆ 2025ರ ಜನವರಿ 5ರಂದು ನಿಲ್ಲಿಸಲಾಯಿತು.

ಸುರಕ್ಷತೆಯ ಪಾಠ ಇನ್ನೂ ಕಠಿಣ. 2014ರ ಅಕ್ಟೋಬರ್ 15ರಂದು ಏಳನೆಯ ಆವೃತ್ತಿಯ ತಿರುಳಿನ ಗಂಭೀರ ದೋಷವೊಂದನ್ನು ತಿದ್ದುಪಡಿಯೊಂದಿಗೆ ಪ್ರಕಟಿಸಲಾಯಿತು. ಏಳು ಗಂಟೆಗಳೊಳಗೆ ತಿದ್ದಿಕೊಳ್ಳದ ತಾಣಗಳು ತಮ್ಮಲ್ಲಿ ಕನ್ನ ಬಿದ್ದಿದೆಯೆಂದೇ ಭಾವಿಸಬೇಕು ಎಂದು ಎರಡು ವಾರಗಳ ಬಳಿಕ ಸುರಕ್ಷತಾ ತಂಡ ಎಚ್ಚರಿಸಿತು. ತಿರುಳನ್ನು ಕೈಯಾರೆ ತಿದ್ದದೆ ಕೊಕ್ಕೆಗಳನ್ನೇ ಬಳಸಿದವರಿಗೆ ಹೊಸ ಕಡತಗಳನ್ನು ಕೂಡಲೇ ಹಾಕಿಕೊಳ್ಳಲು ಅಡ್ಡಿಯಿರಲಿಲ್ಲ. ತಿರುಳಿಗೆ ಕೈಹಾಕಿದ್ದವರು ಮೊದಲು ತಮ್ಮ ತಿದ್ದುಪಡಿಗಳನ್ನು ಹುಡುಕಬೇಕಾಗಿತ್ತು.

ನಿಮ್ಮ ಶಾಲೆಗೋ ಊರಿನ ವಿಜ್ಞಾನ ಸಂಘಕ್ಕೋ ತಾಣವೊಂದನ್ನು ಕಟ್ಟಲು ಹೊರಟಿದ್ದೀರಾ? ಪ್ಲಗಿನ್ ಸೇರಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಈಗ ನೋಡಿಕೊಳ್ಳುತ್ತಿರುವವರು ಯಾರು? ಕೊನೆಯ ಬಾರಿ ತಿದ್ದಿದ್ದು ಯಾವಾಗ? ನಾಳೆ ಇದು ನಿಂತುಹೋದರೆ ಸದಸ್ಯರು ಬರೆದದ್ದನ್ನು ಹೊರತೆಗೆಯಬಹುದೇ? ಪ್ಲಗಿನ್ ಸೇರಿಸಲು ಐದು ನಿಮಿಷ ಸಾಕು. ಆದರೆ ಸದಸ್ಯರು ಹತ್ತು ವರ್ಷ ಬರೆದದ್ದು ಕಳೆದುಹೋದರೆ ಅದನ್ನು ಮತ್ತೆ ಬರೆಯುವವರಿಲ್ಲ.